ಹಳೇ ಮಂಡಿಯೊಳಗೆ ಮನೆ: ತರಗುಪೇಟೆಯ ಬಾಡಿಗೆ ವಾಸ, ಮೂರು ವರ್ಷದ ನಂತರ

ಬೆಂಗಳೂರಿನ ತರಗುಪೇಟೆ, ಅಕ್ಕಿಪೇಟೆ ಕಡೆಯ ಹಳೇ ಮಂಡಿಯನ್ನು, ಅಂದರೆ ಸಗಟು ಸಾಮಾನಿನ ಗೋದಾಮನ್ನು, ರಿಪೇರಿ ಮಾಡಿಸಿ ಮನೆ ಅಂತ ಬಾಡಿಗೆಗೆ ಕೊಟ್ಟರೆ, ಒಂದು ಮಾತು ನೆನಪಿರಲಿ: ಅದು ಮೂಟೆಗೆ ಅಂತ ಕಟ್ಟಿದ ಜಾಗ. ಮೂಟೆಗೆ ಬೇಕಾದ ತಂಪು ಧಾರಾಳವಾಗಿದೆ. ಮೂಟೆಗೆ ಬೇಡದ ಬೆಳಕು, ನೀರು, ಚರಂಡಿಯಲ್ಲೇ ತಕರಾರೆಲ್ಲ.

ಗೋಡೆ ಒಂದೂವರೆ ಅಡಿ ದಪ್ಪ, ಇಟ್ಟಿಗೆ ಮತ್ತು ಸುಣ್ಣದ ಗಾರೆ. ಏಪ್ರಿಲ್ ಮಧ್ಯಾಹ್ನಕ್ಕೂ ಫ್ಯಾನ್ ಸಾಕು. ಆದರೆ ಈ ಗೋಡೆ ನೆಲದ ತೇವ ಹೀರಿ ಮೈಯಿಂದ ಬಿಡುತ್ತಾ ಇರುತ್ತದೆ. ರಿಪೇರಿಯವರು ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವಕ್ಕೆ ದಾರಿ ಮುಚ್ಚಿತು. ಎರಡನೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಏಳುತ್ತದೆ, ಉಗುರಿನಿಂದ ಕೆರೆದರೆ ಬಿಳೀ ಉಪ್ಪು ಉದುರುತ್ತದೆ. ಮನೆ ನೋಡುವಾಗಲೇ ಗೋಡೆಯ ಕೆಳಗಿನ ಮೂರು ಅಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಸಿಮೆಂಟ್ ಬಿಟ್ಟುಕೊಂಡಿದೆ ಅಂತಲೇ ಲೆಕ್ಕ. ಕೆತ್ತಿಸಿ, ಬೇಸಿಗೆಯಲ್ಲಿ ಒಣಗಲು ಬಿಟ್ಟು, ನೆನೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ಎರಡು ತೆಳು ಪದರದಲ್ಲಿ ಗಾರೆ ಮಾಡಿಸಬೇಕು. ಮೇಲೆ ಸುಣ್ಣವೇ, ಪ್ಲಾಸ್ಟಿಕ್ ಪೇಂಟ್ ಬೇಡ. ಓನರು ಇದಕ್ಕೆ ಒಪ್ಪದಿದ್ದರೆ ಬೇರೆ ಮನೆ ನೋಡಿ.

ಮೇಲಿರುವುದು ಮದ್ರಾಸ್ ತಾರಸಿ: ಮರದ ಜಂತೆ, ಅದರ ಮೇಲೆ ಅಡ್ಡ ನಿಲ್ಲಿಸಿದ ಇಟ್ಟಿಗೆ, ಸುಣ್ಣ. ಜಂತೆ ಕೆಡುವುದು ಗೋಡೆಯೊಳಗೆ ಹೊಕ್ಕಿರುವ ತುದಿಯಲ್ಲಿ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ, ಮೆತ್ತಗೆ ಇಳಿದರೆ ಗೆದ್ದಲೋ ಕೊಳೆಯೋ ಇದೆ. ಸಾವಿರ ಲೀಟರ್ ನೀರಿನ ಟ್ಯಾಂಕ್ ಅಂದರೆ ಒಂದು ಟನ್ ಭಾರ, ತಾರಸಿಯ ನಡುಮಧ್ಯ ಇಡಿಸಲೇಬೇಡಿ. ಜೂನ್‌ಗೆ ಮುಂಚೆ ನೀರಿಳಿಯುವ ತೂತಿನ ಕಸ ತೆಗೆಸಿ. ಪ್ಯಾರಾಪೆಟ್ಟಿನ ಬಿರುಕಲ್ಲಿ ಅರಳಿ ಸಸಿ ಕಂಡರೆ ಬೆರಳುದ್ದ ಇರುವಾಗಲೇ ಬೇರುಸಹಿತ ಕಿತ್ತುಹಾಕಿ.

ಕರೆಂಟಿನದು ಇನ್ನೊಂದು ಪೇಚು. ಮಂಡಿ ಕಾಲದ ಮೀಟರ್ ವಾಣಿಜ್ಯ ದರದಲ್ಲೇ ಉಳಿದಿದ್ದರೆ ಬಿಲ್ ಭಾರ, ಉಚಿತ ವಿದ್ಯುತ್ತಿನ ಗೃಹಜ್ಯೋತಿಯೂ ಸಿಗದು. ಗೃಹಬಳಕೆಗೆ ಬದಲಾಯಿಸಿಕೊಡುವುದಾಗಿ ಕರಾರಿನಲ್ಲೇ ಬರೆಸಿಕೊಳ್ಳಿ. ಬಚ್ಚಲು, ಪಾಯಿಖಾನೆ ಆಮೇಲೆ ಸೇರಿಸಿದ್ದರಿಂದ ಪೈಪು ಹಿಂದಿನಿಂದ ಬೀದಿಯ ತನಕ ಬರಬೇಕು. ತಿರುವಿಗೊಂದು ಚೇಂಬರ್ (ಮುಚ್ಚಳ ತೆಗೆದು ಶುಚಿ ಮಾಡುವ ಗುಂಡಿ) ಇಲ್ಲದಿದ್ದರೆ ಕಟ್ಟಿಕೊಂಡಾಗ ನೆಲವನ್ನೇ ಅಗೆಯಬೇಕಾಗುತ್ತದೆ.

ಓಡಾಟಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೊ ನಿಲ್ದಾಣ ಹತ್ತಿರ. 2017ರಿಂದ ಅದೊಂದು ದೊಡ್ಡ ಅನುಕೂಲ. ಹಗಲು ಹೊತ್ತು ಕ್ಯಾಬ್ ಒಳಗೆ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಲೋಡ್ ಇಳಿಸುವ ಸದ್ದಿಗೆ ಹೊಂದಿಕೊಳ್ಳಬಹುದು, ಪಕ್ಕದಲ್ಲಿ ಮೆಣಸಿನಕಾಯಿ ಮಂಡಿ ಇದ್ದರೆ ಆ ಘಾಟಿಗೆ ಆಗದು, ಮಕ್ಕಳಿದ್ದರಂತೂ ಬೇಡ.

ಸಾಮಾನು ಭಾನುವಾರ ಬೆಳಿಗ್ಗೆ ಏಳರೊಳಗೆ ತಂದುಬಿಡಿ. ಮೆಟ್ಟಿಲಿನ ಅಗಲವನ್ನು ತಿರುವಿನಲ್ಲಿ ಅಳೆದುಕೊಳ್ಳಿ, ದೊಡ್ಡ ಫ್ರಿಜ್ ಸಿಕ್ಕಿಕೊಳ್ಳುವುದು ಅಲ್ಲೇ. ತೊಲೆಯಲ್ಲಿ ಮೂಟೆ ಎಳೆಯುತ್ತಿದ್ದ ಹಳೇ ಕೊಂಡಿ ಇದ್ದರೂ ಅದನ್ನು ನಂಬಿ ಫ್ರಿಜ್ ನೇತುಹಾಕಬೇಡಿ.