ಟೇಪ್ ಹಿಡಿದು ಕಲಿಸುವ ತರಬೇತಿ: ವಿಕಲಚೇತನರ ಹಕ್ಕು, ಆಫೀಸಿನ ಅನುಕೂಲ

ಬೆಂಗಳೂರಿನ ಆಫೀಸುಗಳಿಗೇ ಬಂದು ವಿಕಲಚೇತನರ ಹಕ್ಕು ಮತ್ತು ಆಕ್ಸೆಸಿಬಿಲಿಟಿ (ಎಲ್ಲರೂ ಸುಲಭವಾಗಿ ಬಳಸುವಂತಿರುವುದು) ಬಗ್ಗೆ ತರಬೇತಿ ಕೊಡುವ ಒಂದು ಸಣ್ಣ ತಂಡದ ಕಾರ್ಯಕ್ರಮ ಇದು. ಇಡೀ ದಿನದ್ದು. ಬೆಳಿಗ್ಗೆ ಕಾನೂನು, ಊಟದ ನಂತರ ಕಟ್ಟಡ, ಕೊನೆಗೆ ಕಂಪ್ಯೂಟರ್. ಕಟ್ಟಡದ ಭಾಗವೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಕಾನೂನಿನ ಭಾಗ ಚೆನ್ನಾಗಿ ಶುರುವಾಗುತ್ತದೆ, ಆದರೆ ಎಚ್‌ಆರ್‌ಗೆ ನಿಜವಾಗಿ ಬೇಕಾದ ಜಾಗಕ್ಕೆ ಬರುವ ಹೊತ್ತಿಗೆ ಮುಗಿದುಹೋಗುತ್ತದೆ.

ಮಧ್ಯಾಹ್ನ ಎಲ್ಲರ ಕೈಗೂ ಅಳತೆ ಟೇಪ್ ಕೊಟ್ಟು ನೆಲಮಹಡಿಗೆ ಕಳಿಸುತ್ತಾರೆ. ಮೊದಲು ರ್‍ಯಾಂಪ್. 1:12 ಇಳಿಜಾರು ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದ ಬೇಕು. ಎಚ್‌ಎಸ್‌ಆರ್ ಲೇಔಟ್, ಇಂದಿರಾನಗರಗಳಲ್ಲಿ ಮನೆಯನ್ನೇ ಆಫೀಸು ಮಾಡಿಕೊಂಡ ಕಡೆ ಬಾಗಿಲಿಗೆ ಮೂರು ಮೆಟ್ಟಿಲು ಇದ್ದೇ ಇರುತ್ತವೆ. 45 ಸೆಂ.ಮೀ.ಗೆ 5.4 ಮೀಟರ್, ಅದರ ಮೇಲೆ ತಿರುಗಲು ಲ್ಯಾಂಡಿಂಗ್. ಕಾಂಪೌಂಡಿನೊಳಗೆ ಅಷ್ಟು ಜಾಗ ಸಿಗದೆ ಕಂಟ್ರಾಕ್ಟರ್ 1:6ಕ್ಕೆ ಎಬ್ಬಿಸಿ, ಮೇಲೆ ಪಾಲಿಶ್ ಗ್ರಾನೈಟ್ ಹಾಕಿಬಿಡುತ್ತಾನೆ. ಹತ್ತುವಾಗ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ, ಮಳೆ ಬಂದರೆ ನಡೆಯುವವರೂ ಜಾರುತ್ತಾರೆ. ಜಾಗ ಇಲ್ಲದ ಕಡೆ ಯು ಆಕಾರದ ರ್‍ಯಾಂಪ್, ಅದೂ ಆಗದಿದ್ದರೆ ಗಾಲಿಕುರ್ಚಿ ಸಮೇತ ಮೇಲೆತ್ತುವ ಪ್ಲಾಟ್‌ಫಾರ್ಮ್ ಲಿಫ್ಟ್ ಎಂದು ತರಬೇತುದಾರರು ಲೆಕ್ಕ ಹಾಕಿಯೇ ತೋರಿಸುತ್ತಾರೆ.

ಟಾಯ್ಲೆಟ್ಟಿನ ಪಾಠ ಇನ್ನೂ ಚೆನ್ನ. ನಕ್ಷೆಯಲ್ಲಿ ಬಾಗಿಲು 900 ಮಿ.ಮೀ. ಎಂದಿರುತ್ತದೆ, ಚೌಕಟ್ಟು, ಬಾಗಿಲ ದಪ್ಪ, ಪೂರ್ತಿ ತೆರೆಯಲು ಬಿಡದ ಸ್ಟಾಪರ್ ಎಲ್ಲ ಕಳೆದರೆ ಉಳಿಯುವುದು ಬಹಳ ಕಡಿಮೆ. ಹಾಗಾಗಿ ಬಾಗಿಲು ತೆರೆದಿಟ್ಟು, ಖಾಲಿ ಉಳಿದ ಜಾಗವನ್ನೇ ಅಳೆಯಬೇಕು. ಒಳಗಡೆ 1500 ಮಿ.ಮೀ. ವ್ಯಾಸದಷ್ಟು ಖಾಲಿ ಜಾಗ ಇದ್ದರೆ ಕುರ್ಚಿ ತಿರುಗುತ್ತದೆ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಬಿದ್ದವರ ದೇಹವೇ ಅದಕ್ಕೆ ಅಡ್ಡವಾಗುತ್ತದೆ. ಹಿಡಿಕಂಬಿಯನ್ನು ಜಿಪ್ಸಂ ಪಾರ್ಟಿಷನ್‌ಗೆ ಬರೀ ಸ್ಕ್ರೂ ಹೊಡೆದು ನಿಲ್ಲಿಸಿದ್ದರೆ ಭಾರ ಬಿದ್ದಾಗ ಕಿತ್ತು ಬರುತ್ತದೆ. ಹಿಂದೆ ಇಟ್ಟಿಗೆ ಗೋಡೆಯೋ ಗಟ್ಟಿ ಆಧಾರವೋ ಬೇಕು. ಕೊನೆಗೆ, ಆ ಟಾಯ್ಲೆಟ್ಟಿನಲ್ಲಿ ಮಾಪು, ಬಕೆಟ್, ಫಿನೈಲ್ ಕ್ಯಾನು ಪೇರಿಸಿಟ್ಟಿದ್ದರೆ ಬಾಕಿ ಎಲ್ಲ ಅಳತೆಯೂ ವ್ಯರ್ಥ.

ಕಾನೂನಿನ ವಿಷಯಕ್ಕೆ ಬಂದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ, 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. 21ನೇ ಸೆಕ್ಷನ್ನಿನ ಸಮಾನ ಅವಕಾಶ ನೀತಿ ಖಾಸಗಿ ಕಂಪನಿಗೂ ಕಡ್ಡಾಯ. 20 ಅಥವಾ ಹೆಚ್ಚು ನೌಕರರಿದ್ದರೆ ವಿಕಲಚೇತನರ ನೇಮಕಾತಿ, ಅನುಕೂಲ ನೋಡಿಕೊಳ್ಳುವ ಲಿಯಾಸನ್ ಆಫೀಸರ್ ನೇಮಕವೂ ಅದರಲ್ಲಿ ಬರಬೇಕು, ಪ್ರತಿಯನ್ನು ವಿಕಲಚೇತನರ ಆಯುಕ್ತರ ಬಳಿ ನೋಂದಾಯಿಸಬೇಕು. ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಕೆಲಸದಲ್ಲಿರುವಾಗ ವೈಕಲ್ಯ ಬಂದವರನ್ನು ತೆಗೆಯಬಾರದೆಂಬ 20ನೇ ಸೆಕ್ಷನ್ನಿನ ಮಾತು ಸರ್ಕಾರಿ ಸಂಸ್ಥೆಗಳನ್ನು ಕುರಿತದ್ದು ಎಂಬ ವ್ಯತ್ಯಾಸವನ್ನೂ ಬಿಡಿಸಿ ಹೇಳಿದರು. ಸುಮಾರು ತರಬೇತಿಗಳು ಇದನ್ನು ಕಲಸಿಬಿಡುತ್ತವೆ. ಸೂಕ್ತ ಹೊಂದಾಣಿಕೆ (ತನಗೆ ಬೇಕಾದ ಅನುಕೂಲ, ಬದಲಾವಣೆ) ಕೇಳಲು ಕನಿಷ್ಠ ಶೇ. 40 ವೈಕಲ್ಯ ಇರಬೇಕೆಂಬ ಮಿತಿ ಇಲ್ಲ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2021ರ ವಿಕಾಸ್ ಕುಮಾರ್ ತೀರ್ಪಿನ ಆಧಾರ ಕೊಟ್ಟಿದ್ದೂ ಸರಿಯಾಗಿತ್ತು.

ಕೊರತೆ ಇರುವುದು ಮುಂದೆ. ಒಬ್ಬ ನೌಕರ ಬಂದು ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಬೇಕು, ಪಾಳಿ ಬದಲಿಸಿ ಎಂದರೆ ಯಾರು ಬರೆದುಕೊಳ್ಳಬೇಕು, ಎಷ್ಟು ದಿನದೊಳಗೆ ಉತ್ತರಿಸಬೇಕು, ಖರ್ಚು ಯಾವ ಬಜೆಟ್ಟಿಗೆ, ವೈದ್ಯಕೀಯ ಕಾಗದ ಯಾರ ಬಳಿ ಇರಬೇಕು? ಇದರ ಬಗ್ಗೆ ಒಂದು ಮಾದರಿ ಫಾರಂ ಕೂಡ ಇಲ್ಲ. ಕೋರಿಕೆಗಳು ಕೈತಪ್ಪುವುದೇ ಇಲ್ಲಿ: ಮ್ಯಾನೇಜರ್ ಬಾಯಲ್ಲಿ ಆಯಿತು ಎನ್ನುತ್ತಾರೆ, ದಾಖಲೆ ಇರುವುದಿಲ್ಲ, ಅವರು ಬದಲಾದರೆ ಮತ್ತೆ ಮೊದಲಿಂದ ಶುರು. 2024ರ ನವೆಂಬರ್ 8ರ ರಾಜೀವ್ ರತೂರಿ ತೀರ್ಪೂ ಸ್ಲೈಡಿನಲ್ಲಿ ಕಾಣಲಿಲ್ಲ. ಆಕ್ಸೆಸಿಬಿಲಿಟಿ ಮಾನದಂಡಗಳನ್ನು ಬರೀ ಶಿಫಾರಸಿನಂತೆ ಇಟ್ಟಿದ್ದ, ಇದೇ ಕಾಯ್ದೆಯಡಿಯ ನಿಯಮ 15(1)ನ್ನು ಸುಪ್ರೀಂ ಕೋರ್ಟ್ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ಕಟ್ಟಡ ಮಾಲೀಕರ ಜೊತೆ ಮಾತಿಗೆ ಕೂತಾಗ ಇದಕ್ಕಿಂತ ಬಲವಾದ ಆಧಾರ ಇನ್ನೊಂದಿಲ್ಲ.

ಕಂಪ್ಯೂಟರ್ ಭಾಗ ಚಿಕ್ಕದು, ಆದರೆ ಹರಿತ. ಮೌಸ್ ತೆಗೆದಿಟ್ಟು, ಟ್ಯಾಬ್ ಕೀಲಿಯಿಂದಷ್ಟೇ ರಜೆ ಅರ್ಜಿ ತುಂಬಿಸಲು ಹೇಳುತ್ತಾರೆ. ದಿನಾಂಕ ಆರಿಸುವ ಕ್ಯಾಲೆಂಡರಿನಲ್ಲಿ ಬಹುತೇಕರು ಸಿಕ್ಕಿಬೀಳುತ್ತಾರೆ. ಆಮೇಲೆ ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಹಾಕಿ, ಹಳೆಯ ನುಡಿ ಫಾಂಟಿನ ಒಂದು ಕನ್ನಡ ಸುತ್ತೋಲೆ ಓದಿಸಿದರು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕೇಳಿಸಿತು. ಅದನ್ನೇ ಯೂನಿಕೋಡಿಗೆ ಬದಲಿಸಿದಾಗ ಕನ್ನಡದಲ್ಲೇ ಓದಿತು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಏನೂ ಕೇಳಿಸುವುದೇ ಇಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಇಲ್ಲಿಲ್ಲ, ಅದು ಒಳ್ಳೆಯದೇ. ಅದರಿಂದ ಹುಟ್ಟುವುದು ಭಯ ಮತ್ತು ಕನಿಕರ, ಬಿಳಿಕೋಲು ಹಿಡಿದು ವರ್ಷಗಟ್ಟಲೆ ಪಳಗಿದವರ ಚಾತುರ್ಯ ಅದರಲ್ಲಿ ಗೊತ್ತಾಗುವುದಿಲ್ಲ.

ದೊಡ್ಡ ಬೇಸರವೆಂದರೆ ಪೂರ್ತಿ ತರಬೇತಿ ಇಂಗ್ಲಿಷಿನಲ್ಲಿದೆ. ಗೇಟಿನ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರೇ ಬಂದವರನ್ನು ಮೊದಲು ಎದುರುಗೊಳ್ಳುವುದು. ಕೇಳದೆ ಕುರ್ಚಿ ತಳ್ಳಬಾರದು, ದೃಷ್ಟಿ ಇಲ್ಲದವರ ಕೈ ಎಳೆಯುವ ಬದಲು ನಮ್ಮ ಮೊಣಕೈ ಹಿಡಿಯಲು ಕೊಡಬೇಕು, ‘ಆ ಕಡೆ ಹೋಗಿ ಸಾರ್’ ಎನ್ನದೆ ಎಡ, ಬಲ ಎಂದು ಹೇಳಬೇಕು ಎಂಬುದು ಮೊದಲು ಮುಟ್ಟಬೇಕಾದ್ದು ಅವರಿಗೆ. ಕೇಳಿದರೆ ಕನ್ನಡದಲ್ಲಿ ಒಂದು ಗಂಟೆಯ ಪ್ರತ್ಯೇಕ ಪಾಠ ಮಾಡುತ್ತಾರೆ, ಆದರೆ ಕೇಳಲೇಬೇಕು.

ಬುಕ್ ಮಾಡುವಾಗ, ಕಿವುಡ ನೌಕರರಿದ್ದರೆ ಸಂಜ್ಞಾ ಭಾಷೆಯ ಇಬ್ಬರು ಇಂಟರ್‌ಪ್ರಿಟರ್‌ಗಳನ್ನು ಮೊದಲೇ ಗೊತ್ತು ಮಾಡಿ. ಇಡೀ ದಿನ ಒಬ್ಬರಿಂದ ಆಗದು. ಕಟ್ಟಡದ ಮ್ಯಾನೇಜರನ್ನು ಮಧ್ಯಾಹ್ನಕ್ಕೆ ಕಡ್ಡಾಯವಾಗಿ ಕರೆಯಿರಿ: ರ್‍ಯಾಂಪು, ಲಿಫ್ಟು, ನೆಲಮಹಡಿಯ ಟಾಯ್ಲೆಟ್ಟು ಬಾಡಿಗೆದಾರರ ಕೈಯಲ್ಲಿರುವುದು ಅಪರೂಪ.