ಪೆನೆಟ್ರೋಮೀಟರ್, ದುರ್ಬೀನು, ನೋಟ್‌ಬುಕ್: ರೇಸ್ ಟ್ರ್ಯಾಕಿನ ಒಲವನ್ನು ಯಾವುದರಿಂದ ತಿಳಿಯಬಹುದು?

ಕೊಡಗಿನ ಇಬ್ಬರು ಕಾಫಿ ಬೆಳೆಗಾರರು ಎಲ್ಲಿ ಎದುರಾದರೂ, ಕ್ಷೇಮಸಮಾಚಾರಕ್ಕಿಂತ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟು ಬಿತ್ತು?’ ಎಂಬ ಪ್ರಶ್ನೆ ಬರುತ್ತದೆ. ಮಳೆಯ ಒಂದು ಸೆಂಟನ್ನೂ, ಅಂದರೆ ಇಂಚಿನ ನೂರರಲ್ಲೊಂದು ಭಾಗವನ್ನೂ, ಬಿಡದೆ ಬರೆದಿಡುವ ಈ ಅಭ್ಯಾಸ ನನಗೆ ತಂದೆಯವರಿಂದ ಬಂದದ್ದು; ಗೋಣಿಕೊಪ್ಪದ ಸಮೀಪದ ನಮ್ಮ ತೋಟದಲ್ಲಿ ಹೂಮಳೆಗೊಂದು, ಸ್ಪ್ರಿಂಕ್ಲರ್ ನೀರಿಗೊಂದು ಎಂದು ರಿಜಿಸ್ಟರಿನಲ್ಲಿ ಬೇರೆ ಬೇರೆ ಕಾಲಮ್ಮುಗಳಿವೆ. ಹೀಗಿದ್ದೂ, ವರ್ಷಗಟ್ಟಲೆ ಕುದುರೆ ರೇಸು ನೋಡಿದ ನನಗೆ, ರೇಸ್ ಬುಕ್ಕಿನಲ್ಲಿ ಕುದುರೆ ಹೊರುವ ತೂಕ, ಜಾಕಿ, ಟ್ರೈನರ್, ಗೇಟ್ ನಂಬರ್ ಎಲ್ಲವೂ ಇದ್ದು, ಅದು ಓಡುವ ನೆಲಕ್ಕೆ ಎಷ್ಟು ನೀರು ಬಿಟ್ಟರೆಂಬ ಮಾತು ಮಾತ್ರ ಇಲ್ಲವಲ್ಲ ಎಂದು ಹೊಳೆದದ್ದು ತೀರ ಈಚೆಗೆ. ಅದಾದ ಮೇಲೆ ಒಂದಿಡೀ ಸೀಸನ್ ಈ ನೆಲದ ಗುಣವನ್ನು ಮೊದಲೇ ತಿಳಿಯುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದೆ. ನಾನು ಹೋಗುವ ರೇಸ್ ಕೋರ್ಸಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಟ್ರ್ಯಾಕಿನ ಒಲವು, ಅಂದರೆ ಟ್ರ್ಯಾಕ್ ಬಯಾಸ್, ಎಂದರೆ ಓಟದ ಹಾದಿಯ ಒಂದು ಭಾಗ ಇನ್ನೊಂದು ಭಾಗಕ್ಕಿಂತ ವೇಗಕ್ಕೆ ಅನುಕೂಲವಾಗಿದ್ದು, ಕುದುರೆಯ ಶಕ್ತಿಗಿಂತ ಅದು ಓಡಿದ ಜಾಗವೇ ಫಲಿತಾಂಶವನ್ನು ತಿರುಗಿಸುವ ಸ್ಥಿತಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ನಮ್ಮ ಕಡೆ ನಡೆಯುವ ಕೆಸರುಗದ್ದೆ ಓಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ವರ್ಷ ಓಡಿದ ಅನುಭವವಿರುವ ಹುಡುಗರು ಬದುವಿನ ಪಕ್ಕದ ಜಾಗಕ್ಕೇ ನೂಕಾಡುತ್ತಾರೆ. ಅಲ್ಲಿ ಟಿಲ್ಲರ್ ಆಳಕ್ಕೆ ಇಳಿದಿರುವುದಿಲ್ಲ, ಗದ್ದೆಯ ನಡುವೆ ಮೊಣಕಾಲಿಗೆ ಬರುವ ಕೆಸರು ಅಲ್ಲಿ ಹರಡಿನ ಗಂಟನ್ನೂ ದಾಟುವುದಿಲ್ಲ. ಹುಲ್ಲಿನ ರೇಸ್ ಟ್ರ್ಯಾಕಿನಲ್ಲಿ ವ್ಯತ್ಯಾಸ ಇಷ್ಟು ಎದ್ದು ಕಾಣುವುದಿಲ್ಲ, ಆದರೆ ಕಾರಣಗಳು ಇದೇ ಜಾತಿಯವು: ಟ್ರ್ಯಾಕಿನ ಒಳಅಂಚಿನ ಬೇಲಿಯಾದ ಒಳರೇಲಿನ ಪಕ್ಕ ಎಲ್ಲ ಕುದುರೆಗಳೂ ತುಳಿದು ಸವೆದ ಹುಲ್ಲು, ಇಳಿಜಾರಿನ ಕಡೆಗೆ ಬಸಿದು ನಿಲ್ಲುವ ನೀರು, ಯಂತ್ರದ ಚಕ್ರ ಓಡಾಡಿ ಗಟ್ಟಿಯಾದ ಪಟ್ಟಿ, ಸಮನಾಗಿ ಬೀಳದ ಸ್ಪ್ರಿಂಕ್ಲರ್ ನೀರು.

ಮೊದಲನೆಯ ದಾರಿ ಪೆನೆಟ್ರೋಮೀಟರ್. ನಮ್ಮ ದೇಶದ ಕೋರ್ಸುಗಳ ಓಟದ ವಿವರಗಳಲ್ಲಿ ಸಾಮಾನ್ಯವಾಗಿ ಕಾಣುವ ನೆಲದ ಮಾಹಿತಿ ಇದರ ರೀಡಿಂಗ್ ಮತ್ತು ಫಾಲ್ಸ್ ರೇಲ್ (ಜರುಗಿಸಬಹುದಾದ ತಾತ್ಕಾಲಿಕ ಒಳಬೇಲಿ) ಎಷ್ಟು ಮೀಟರ್ ಹೊರಗಿದೆ ಎಂಬ ಒಂದು ಸಾಲು, ಇಷ್ಟೇ. ಒಂದು ಚದರ ಸೆಂಟಿಮೀಟರ್ ತುದಿಯ ಸರಳಿನ ಮೇಲೆ 1 ಕೆ.ಜಿ. ತೂಕವನ್ನು 1 ಮೀಟರ್ ಎತ್ತರದಿಂದ ಮೂರು ಬಾರಿ ಬೀಳಿಸಿ, ಸರಳು ಎಷ್ಟು ಸೆಂಟಿಮೀಟರ್ ಆಳಕ್ಕೆ ಇಳಿಯಿತೆಂದು ನೋಡುವ ಸರಳವಾದ ಉಪಕರಣ ಇದು; ಅಂಕಿ ಚಿಕ್ಕದಾದಷ್ಟೂ ನೆಲ ಗಟ್ಟಿ. ಪಬ್ಲಿಕ್ಕಿನವರನ್ನು ಟ್ರ್ಯಾಕಿನೊಳಗೆ ಬಿಡುವುದಿಲ್ಲವಾದ್ದರಿಂದ, ವೆಲ್ಡಿಂಗ್ ಅಂಗಡಿಯಲ್ಲಿ ಸರಳು ಮತ್ತು ಕೊಳವೆಯ ಒಂದು ನಕಲನ್ನು ಮಾಡಿಸಿ, ನಮ್ಮೂರ ಹಾಕಿ ಮೈದಾನಕ್ಕೆ ಒಯ್ದೆ. ಪುಸ್ತಕ ಹಿಡಿದು ಜೊತೆಗೆ ಬಂದ ತೋಟದ ರೈಟರ್, ‘ಸಾರ್, ಇದೇನು ಹುಲ್ಲಿಗೆ ಇಂಜೆಕ್ಷನ್ನಾ?’ ಎಂದು ಕೇಳಿದರು.

ಅವರು ತಮಾಷೆ ಮಾಡಿದರೂ ಅಂಕಿಗಳನ್ನು ನಿಷ್ಠೆಯಿಂದ ಬರೆದುಕೊಂಡರು. ಗೋಲಿನ ಮುಂದೆ, ಆಟಗಾರರು ತುಳಿದು ಹುಲ್ಲೇ ಉಳಿಯದ ಅರ್ಧವೃತ್ತದಲ್ಲಿ, 1.8, ಮೈದಾನದ ನಡುವೆ 3ರ ಆಸುಪಾಸು, ಚರಂಡಿಯ ಕಡೆಯ ಮೂಲೆಯಲ್ಲಿ 5.4. ಇಪ್ಪತ್ತು ಕಡೆ ಹೊಡೆದು ಸರಾಸರಿ ತೆಗೆದರೆ 3.1 ಬಂತು. ಈ ಅಂಕಿಯೊಂದನ್ನೇ ನೋಡಿದವರು ನೆಲ ಹದವಾಗಿದೆ ಎಂದುಕೊಳ್ಳುತ್ತಾರೆ. ಒಂದು ಮೂಲೆಯಲ್ಲಿ ಕಲ್ಲು, ಇನ್ನೊಂದು ಮೂಲೆಯಲ್ಲಿ ಹುದುಲು ಇದೆಯೆಂದು ಅವರಿಗೆ ತಿಳಿಯುವ ದಾರಿಯೇ ಇಲ್ಲ. ಪೆನೆಟ್ರೋಮೀಟರ್ ಸುಳ್ಳು ಹೇಳುವುದಿಲ್ಲ; ಅದನ್ನು ಒಂದೇ ಅಂಕಿಗೆ ಇಳಿಸಿ ಪ್ರಕಟಿಸಿದಾಗ, ಒಲವಿನ ಕುರಿತು ಅದು ಹೇಳಬಹುದಾಗಿದ್ದ ಮಾತೇ ಅಳಿಸಿಹೋಗುತ್ತದೆ. ಇಡೀ ಟ್ರ್ಯಾಕ್ ಗಟ್ಟಿಯೋ ಮೆದುವೋ ಎಂದು ತಿಳಿದು, ಮೆತ್ತನೆಯ ನೆಲ ಒಗ್ಗದ ಕುದುರೆಯನ್ನು ಬಿಟ್ಟುಬಿಡಲು ಮಾತ್ರ ನಾನು ಈಗ ಅದನ್ನು ಬಳಸುತ್ತೇನೆ.

ಎರಡನೆಯದು ದುರ್ಬೀನು. ಮೊದಲೆರಡು ರೇಸುಗಳಲ್ಲಿ ಹಣ ಕಟ್ಟದೆ, ಕೊನೆಯ ನೇರ ಹಾದಿಯಾದ ಸ್ಟ್ರೈಟಿನಲ್ಲಿ ಹುಲ್ಲಿನ ಹೆಂಟೆ ಎಲ್ಲಿ ಹೆಚ್ಚು ಹಾರುತ್ತದೆ, ಹಿರಿಯ ಜಾಕಿಗಳು ತಿರುವು ಮುಗಿದ ಮೇಲೆ ಕುದುರೆಯನ್ನು ರೇಲಿಗೆ ಅಂಟಿಸುತ್ತಾರೋ ಹೊರಕ್ಕೆ ಎಳೆಯುತ್ತಾರೋ ಎಂದು ನೋಡುತ್ತ ನಿಲ್ಲುವುದು. ಬೆಳಗಿನ ವರ್ಕ್‌ಔಟ್‌ನಲ್ಲಿ ಅದೇ ಕೋರ್ಸಿನಲ್ಲಿ ದಿನವೂ ಸವಾರಿ ಮಾಡುವ ಈ ಜನರಿಗೆ ನಮಗಿಲ್ಲದ ತಿಳಿವಳಿಕೆ ಇರುತ್ತದೆ, ಆದ್ದರಿಂದ ಅವರ ನಡೆಯೇ ಒಂದು ಸುದ್ದಿ. ತೊಂದರೆ ಏನೆಂದರೆ ಜಾಕಿಗಳೂ ಒಬ್ಬರನ್ನೊಬ್ಬರು ನೋಡಿಯೇ ನಡೆಯುತ್ತಾರೆ. ಹೆಸರುಳ್ಳ ಒಬ್ಬ ಹೊರಗೆ ಬಂದು ಗೆದ್ದರೆ ಮುಂದಿನ ರೇಸಿನಲ್ಲಿ ಎಲ್ಲರೂ ಹೊರಗೇ ಬರುತ್ತಾರೆ, ನೋಡುವವನಿಗೆ ಒಲವು ಸಾಬೀತಾದಂತೆ ಕಾಣುತ್ತದೆ. ಅಲ್ಲದೆ ಅಷ್ಟು ಹೊತ್ತಿಗೆ ಮಧ್ಯಾಹ್ನದ ಕಾಲುಭಾಗ ಕಳೆದಿರುತ್ತದೆ.

ಮೂರನೆಯದು ನೋಟ್‌ಬುಕ್. ಪ್ರತಿ ಗೆಲುವಿನ ಕುದುರೆಯ ಗೇಟ್ ನಂಬರ್, ತಿರುವಿನಲ್ಲಿ ಅದು ಇದ್ದ ಸ್ಥಾನ, ಕೊನೆಯ 200 ಮೀಟರಿನಲ್ಲಿ ರೇಲಿನಿಂದ ಅದರ ದೂರ ಇವಿಷ್ಟನ್ನೂ ಬರೆದು ಲೆಕ್ಕ ಹಾಕುವ ಈ ವಿಧಾನದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇತ್ತು, ಮತ್ತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದೂ ಇದೇ. ಒಂದು ಶನಿವಾರ ಮೊದಲ ಮೂರು ರೇಸುಗಳನ್ನೂ ರೇಲು ಹಿಡಿದು ಮುಂದೆ ಓಡಿದ ಕುದುರೆಗಳೇ ಗೆದ್ದವು. ನನ್ನ ಪುಸ್ತಕದ ಹಿಂದಿನ ವಾರದ ಪುಟವೂ ಅದನ್ನೇ ಹೇಳುತ್ತಿತ್ತು. ನಾಲ್ಕನೆಯದರಲ್ಲಿ ಒಳರೇಲಿಗೆ ಹತ್ತಿರದ ಒಂದನೇ ಗೇಟಿನ ಕುದುರೆಗೆ, ನನ್ನ ಪದ್ಧತಿಗೆ ಮೀರಿದ ಮೊತ್ತವನ್ನೇ ಕೋರ್ಸಿನ ಬೆಟ್ಟಿಂಗ್ ಕೌಂಟರಾದ ಟೋಟಿನಲ್ಲಿ ಕಟ್ಟಿದೆ. ಅದು ಕೊನೆಯವರೆಗೂ ರೇಲಿನ ಪಕ್ಕ ಸಿಕ್ಕಿಬಿದ್ದು ಏಳನೆಯದಾಗಿ ಬಂತು. ರಾತ್ರಿ ಮನೆಯಲ್ಲಿ ವಿಡಿಯೊ ಹಾಕಿ ಸ್ಟಾಪ್‌ವಾಚ್ ಹಿಡಿದು ನೋಡಿದಾಗ ವಿಷಯ ಬಯಲಾಯಿತು. ಮೊದಲ ಮೂರು ರೇಸುಗಳಲ್ಲೂ ಮುಂದಿದ್ದವನನ್ನು ಯಾರೂ ಕೆಣಕದೆ ನಿಧಾನಕ್ಕೆ ಹೋಗಲು ಬಿಟ್ಟಿದ್ದರು. ಅಂಥ ಓಟದಲ್ಲಿ ದಮ್ಮು ಉಳಿಸಿಕೊಂಡ ಮುಂಚೂಣಿಯ ಕುದುರೆ ಯಾವ ನೆಲದಲ್ಲಾದರೂ ಗೆಲ್ಲುತ್ತಿತ್ತು. ನಾಲ್ಕನೆಯದರಲ್ಲಿ ಇಬ್ಬರು ಜಾಕಿಗಳು ಆರಂಭದಿಂದಲೇ ಪೈಪೋಟಿಗೆ ಬಿದ್ದಿದ್ದರು. ಓಟದ ವೇಗದ ಗುಣವನ್ನು ನಾನು ನೆಲದ ಗುಣವೆಂದು ಓದಿದ್ದೆ.

ಇನ್ನೊಂದು ತಪ್ಪು ಇದಕ್ಕಿಂತ ಪೆದ್ದುತನದ್ದು. ಆ ಎರಡು ವಾರಗಳ ನಡುವೆ ಫಾಲ್ಸ್ ರೇಲ್ ಜರುಗಿತ್ತು. ಒಳಗಿನ ಹುಲ್ಲಿಗೆ ವಿಶ್ರಾಂತಿ ಕೊಡಲೆಂದು ಹೊರಕ್ಕೆ ಇಟ್ಟ ರೇಲನ್ನು ತಿರುಗಿ ಒಳಕ್ಕೆ ತಂದ ದಿನ, ಯಾರೂ ತುಳಿಯದ ಹೊಸ ಪಟ್ಟಿಯೊಂದು ಓಟಕ್ಕೆ ಸಿಗುತ್ತದೆ. ಹೊರಕ್ಕೆ ಸರಿಸಿದ ದಿನ, ಮೊನ್ನೆ ಹೊರಗಿದ್ದ ಹಾದಿ ಇಂದಿನ ಒಳಹಾದಿಯಾಗುತ್ತದೆ. ‘ರೇಲಿನ ಪಕ್ಕ’ ಎಂಬ ನನ್ನ ಒಂದೇ ಕಾಲಮ್ಮಿನಲ್ಲಿ ಬೇರೆ ಬೇರೆ ನೆಲಗಳು ಬೆರೆತುಹೋಗಿದ್ದವು.

ನಾಲ್ಕನೆಯ ದಾರಿ ಕೋರ್ಸಿನವರೇ ತೆರೆದಿಡುವ ನೆಲದ ಲೆಕ್ಕ. ಅದನ್ನು ನಾನು ಪ್ರಯತ್ನಿಸಿದ್ದು ತೋಟದ ಮನೆಯ ಜಗಲಿಯಲ್ಲಿ, ಶನಿವಾರ ಬೆಳಗಿನ ಕಾಫಿಯ ಹೊತ್ತಿಗೆ, ಆಸ್ಟ್ರೇಲಿಯಾದ ರೇಸುಗಳನ್ನು ಫೋನಿನಲ್ಲಿ ನೋಡುತ್ತ. ಅಲ್ಲಿ ನೆಲಕ್ಕೆ ‘ಫರ್ಮ್ 1’ರಿಂದ ‘ಹೆವಿ 10’ರವರೆಗೆ ದರ್ಜೆ ಕೊಡುತ್ತಾರೆ, ‘ಗುಡ್’ಗೆ 3 ಮತ್ತು 4, ‘ಸಾಫ್ಟ್’ಗೆ 5ರಿಂದ 7 ಎಂಬ ಈಗಿನ ಹಂಚಿಕೆ 2014ರ ಡಿಸೆಂಬರಿನಿಂದ ಬಂದದ್ದು. ದರ್ಜೆಗಿಂತ ನನಗೆ ಹಿಡಿಸಿದ್ದು ಅದರ ಕೆಳಗಿನ ಸಾಲುಗಳು: ರೇಲ್ ಎಲ್ಲಿಂದ ಎಲ್ಲಿಗೆ ಎಷ್ಟು ಮೀಟರ್ ಹೊರಗಿದೆ, ಕಳೆದ 24 ಗಂಟೆ ಮತ್ತು 7 ದಿನಗಳಲ್ಲಿ ಎಷ್ಟು ಮಿಲಿಮೀಟರ್ ಮಳೆ, ಅಷ್ಟೇ ಅವಧಿಯಲ್ಲಿ ಎಷ್ಟು ಮಿಲಿಮೀಟರ್ ನೀರು ಹಾಯಿಸಿದ್ದಾರೆ. ಇದನ್ನು ಮೊದಲು ಓದಿದಾಗ ಪಕ್ಕದ ತೋಟದವರ ಮಳೆ ರಿಜಿಸ್ಟರನ್ನೇ ಓದಿದಷ್ಟು ಸಲೀಸಾಗಿ ಅರ್ಥವಾಯಿತು. ವಾರವಿಡೀ ಮಳೆ ಸುರಿದು ಬಂದ ‘ಸಾಫ್ಟ್ 5’ ಬೇರೆ, ಒಣ ವಾರದಲ್ಲಿ ಹಿಂದಿನ ರಾತ್ರಿ ನೀರು ಬಿಟ್ಟದ್ದರಿಂದ ಬಂದ ‘ಸಾಫ್ಟ್ 5’ ಬೇರೆ. ಮಳೆ ಎಲ್ಲ ಕಡೆ ಬೀಳುತ್ತದೆ, ಸ್ಪ್ರಿಂಕ್ಲರ್ ಹಾಗಲ್ಲ. ಮಾರ್ಚಿನಲ್ಲಿ ರೊಬಸ್ಟಾಕ್ಕೆ ನೀರು ಬಿಡುವಾಗ ಸಾಲಾಗಿ ಡಬ್ಬಗಳನ್ನಿಟ್ಟು ನೋಡಿದ್ದೇನೆ: ಎರಡು ಜೆಟ್ಟಿನ ನೀರು ಕೂಡುವಲ್ಲಿ ಒಂದೂವರೆ ಇಂಚು ತುಂಬಿದರೆ, ಗಾಳಿಯ ಎದುರಿನ ಅಂಚಿನಲ್ಲಿ 60 ಸೆಂಟು.

ಬ್ರಿಟನ್ನಿನವರ ಗೋಯಿಂಗ್‌ಸ್ಟಿಕ್ ಉಪಕರಣವಾಗಿ ಪೆನೆಟ್ರೋಮೀಟರಿಗಿಂತ ಜಾಣತನದ್ದು. ನೆಲಕ್ಕೆ ಚುಚ್ಚಲು ಬೇಕಾದ ಬಲವನ್ನಷ್ಟೇ ಅಲ್ಲದೆ, ಚುಚ್ಚಿದ್ದನ್ನು ಓರೆಗೆ ಎಳೆದಾಗ ಮಣ್ಣು ಹಿಡಿದುಕೊಳ್ಳುವ ಬಲವನ್ನೂ ಅದು ಅಳೆಯುತ್ತದೆ. ಗೊರಸು ನೆಲವನ್ನು ತಳ್ಳುವುದು ಹಾಗೆಯೇ ಅಲ್ಲವೇ. ಇಲ್ಲಿ ಅಂಕಿ ದೊಡ್ಡದಾದಷ್ಟೂ ನೆಲ ಗಟ್ಟಿ, ನಮ್ಮದಕ್ಕೆ ತಲೆಕೆಳಗು. ಆಸ್ಕಟ್‌ನಂಥ ಕೋರ್ಸು ನೇರ ಹಾದಿಗೆ ಸ್ಟ್ಯಾಂಡಿನ ಪಕ್ಕ, ನಡುವೆ, ಆಚೆಯ ಪಕ್ಕ ಎಂದು ಬೇರೆ ಬೇರೆ ರೀಡಿಂಗ್ ಪ್ರಕಟಿಸುವುದರಿಂದ, ನಮ್ಮ ಹಾಕಿ ಮೈದಾನದಲ್ಲಿ ಸರಾಸರಿ ನುಂಗಿಹಾಕಿದ ವಿಷಯ ಅಲ್ಲಿ ನೇರವಾಗಿ ಸಿಗುತ್ತದೆ. ಅಮೆರಿಕದ ಮಣ್ಣಿನ ಟ್ರ್ಯಾಕುಗಳ ಲೆಕ್ಕ ಬೇರೆಯೇ. ಮಳೆ ಬರುವ ಮೊದಲು ಮೇಲ್ಮೈಯನ್ನು ಒತ್ತಿ ನುಣುಪು ಮಾಡಿ ನೀರು ಹರಿದುಹೋಗುವಂತೆ ಮಾಡುವ ಆ ವಿದ್ಯೆಯನ್ನು ನಮ್ಮ ಹುಲ್ಲಿನ ಪಕ್ಕದಲ್ಲಿಟ್ಟು ತೂಗಲು ಬರುವುದಿಲ್ಲ.

ಯಾವುದನ್ನು ಆರಿಸುತ್ತೀರಿ ಎಂದರೆ, ಒಳ್ಳೆಯ ಉಪಕರಣ ಮತ್ತು ಪೂರ್ತಿ ತೆರೆದ ಲೆಕ್ಕ ಇವೆರಡರಲ್ಲಿ ಒಂದನ್ನೇ ಕೊಡುವುದಾದರೆ ನಾನು ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ನೆಲಕ್ಕೆ ಏನು ಮಾಡಿದರೆಂದು ತಿಳಿದರೆ ಒರಟು ಅಂಕಿಯಿಂದಲೂ ಏನಾದರೂ ಊಹಿಸಬಹುದು. ಲೆಕ್ಕ ಸಿಗದ ಕಡೆ ದುರ್ಬೀನಿಗೆ ಮೊದಲ ಸ್ಥಾನ, ಪೆನೆಟ್ರೋಮೀಟರಿಗೆ ಎರಡನೆಯದು. ನೋಟ್‌ಬುಕ್ಕನ್ನು ರೇಲಿನ ಸ್ಥಾನಕ್ಕೊಂದು ಪುಟದಂತೆ ಒಡೆದು, ಓಟದ ವೇಗವನ್ನೂ ಬರೆದರೆ ಮಾತ್ರ ನಂಬಬಹುದು.

ನಾನು ಹೋಗುವ ಕೋರ್ಸಿನ ಸಿಬ್ಬಂದಿಯೊಬ್ಬರಲ್ಲಿ ನೀರಿನ ಲೆಕ್ಕವನ್ನೇಕೆ ಹಾಕಬಾರದೆಂದು ಕೇಳಿದ್ದೆ. ‘ಅಯ್ಯೋ ಸಾರ್, ಹಾಕಿದರೆ ನಾಳೆ ಸೋತವರೆಲ್ಲ ನಮ್ಮ ನೀರನ್ನೇ ಬಯ್ಯುತ್ತಾರೆ’ ಎಂದರು. ಅವರ ಕಷ್ಟ ಸುಳ್ಳಲ್ಲ. ಆದರೆ ಪೈಪು ಎಳೆಯುವ ಮಾಲಿಗೆ, ಕುದುರೆ ನೋಡಿಕೊಳ್ಳುವ ಸೈಸ್‌ಗಳಿಗೆ, ಬೆಳಗಿನ ಸವಾರರಿಗೆ ಆ ಲೆಕ್ಕ ಹೇಗೂ ಗೊತ್ತಿರುತ್ತದೆ. ಮುಚ್ಚಿಟ್ಟಂತಾಗುವುದು ಟಿಕೆಟ್ ಕೊಂಡು ಗೇಟಿನೊಳಗೆ ಬರುವವರಿಂದ ಮಾತ್ರ. ಬರುವ ಸೀಸನ್ನಿಗೆ ಅದನ್ನೇ ಒಂದು ಪತ್ರವಾಗಿ ಬರೆದು ಕೊಡಬೇಕೆಂದಿದ್ದೇನೆ, ಜೊತೆಗೆ ನಮ್ಮ ತೋಟದ ರಿಜಿಸ್ಟರಿನ ಒಂದು ಪುಟದ ಜೆರಾಕ್ಸನ್ನೂ ಇಟ್ಟು.