ಬಿಸಿಲಿನ ನೆಪ ಹೇಳಿ ಕಂಪ್ಯೂಟರ್ ಮಾರುವವರಿದ್ದಾರೆ, ಕಲಬುರಗಿಯವರೇ ಎಚ್ಚರ

ಕಲಬುರಗಿಯಲ್ಲಿ ಬಿಡಿಭಾಗಗಳನ್ನು ತಾವೇ ಆರಿಸಿ ಡೆಸ್ಕ್‌ಟಾಪ್ ಜೋಡಿಸಿಕೊಳ್ಳಬೇಕೆಂದಿರುವವರು, ಅದರಲ್ಲೂ ಈ ಬೇಸಿಗೆಯಲ್ಲೇ ಅಂಗಡಿಗೆ ಮುಂಗಡ ಕೊಡಲು ಹೊರಟಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ ಆಮೇಲೆ ಹಣ ಕೊಡಿ. ಅಂಗಡಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ದೂರು ಇನ್ನೂ ಇತ್ಯರ್ಥವಾಗಿಲ್ಲ. ಸೂಪರ್ ಮಾರ್ಕೆಟ್ ಸುತ್ತಮುತ್ತ ಇಂಥ ಅಂಗಡಿಗಳು ಅನೇಕ ಇವೆ, ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ನನಗೆ ಸಿಕ್ಕವರು ಆ ಗುಂಪಿಗೆ ಸೇರಿದವರಲ್ಲ.

ನಾನು ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುವವನು. ನಮ್ಮ ಭಾಗದಲ್ಲಿ ಮದುವೆಗಳೆಲ್ಲ ಬಿರುಬೇಸಿಗೆಯಲ್ಲೇ ನಡೆಯುವುದರಿಂದ, ಹೊರಗೆ 42, 43 ಡಿಗ್ರಿ ಇರುವ ದಿನಗಳಲ್ಲಿಯೇ ನನ್ನ ಕಂಪ್ಯೂಟರ್ ಗಂಟೆಗಟ್ಟಲೆ ಪೂರ್ಣ ಶಕ್ತಿಯಲ್ಲಿ ರೆಂಡರ್, ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಸೇರಿಸಿ ಅಂತಿಮ ವಿಡಿಯೊ ತಯಾರಿಸುವ ಕೆಲಸ, ಮಾಡಬೇಕಾಗುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಭಾಗಗಳ ಪಟ್ಟಿ ಮಾಡಿದ್ದೆ. ಇಂಟೆಲ್ ಐ7-12700 ಪ್ರೊಸೆಸರ್ ಬಾಕ್ಸ್ ಪ್ಯಾಕ್ (ಕಂಪನಿಯ ಡಬ್ಬಿಯಲ್ಲೇ ಬರುವುದು), ಬಿ660 ಮದರ್‌ಬೋರ್ಡ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವಾಟ್‌ನ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ), ಮುಂಭಾಗದಲ್ಲಿ ಜಾಲರಿ ಇರುವ ಕ್ಯಾಬಿನೆಟ್, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕು ತಾಮ್ರದ ಹೀಟ್ ಪೈಪ್‌ಗಳ, 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್, ಅಂದರೆ ಪ್ರೊಸೆಸರ್‌ನ ಶಾಖವನ್ನು ಪೈಪ್‌ಗಳ ಮೂಲಕ ಎಳೆದು ಗಾಳಿಗೆ ಬಿಡುವ ಎತ್ತರದ ಕೂಲರ್. ಈ ಪ್ರೊಸೆಸರ್ ಅನ್ನು ಕಾಗದದ ಮೇಲೆ 65 ವಾಟ್‌ನದು ಎನ್ನುತ್ತಾರೆ, ಆದರೆ ಟರ್ಬೊದಲ್ಲಿ, ಅಂದರೆ ಹೆಚ್ಚಿನ ವೇಗದಲ್ಲಿ ಓಡುವಾಗ, ಅದು 180 ವಾಟ್‌ವರೆಗೆ ಹೋಗಬಲ್ಲದು. ಡಬ್ಬಿಯ ಜೊತೆ ಬರುವ ಚಿಕ್ಕ ಕೂಲರ್ ಕಚೇರಿ ಕೆಲಸಕ್ಕೆ ಸಾಕು, ದಿನವಿಡೀ ರೆಂಡರ್ ಮಾಡುವವರಿಗೆ ಸಾಲದು. ಅದಕ್ಕಾಗಿಯೇ 2,400 ರೂಪಾಯಿಯ ಕೂಲರ್ ಅನ್ನು ಮಾಡೆಲ್ ಸಮೇತ ಬರೆದುಕೊಟ್ಟಿದ್ದೆ. ಅಂಗಡಿಯವರು ತಮ್ಮ ಲೆಟರ್‌ಹೆಡ್ ಮೇಲೆ ಅದೇ ಮಾಡೆಲ್‌ಗಳನ್ನು ಟೈಪ್ ಮಾಡಿ ಕೊಟೇಶನ್ ಕೊಟ್ಟರು. ನಾನು ಫೋನ್ ಪೇ ಮೂಲಕ ಮುಂಗಡ ಕಳಿಸಿದೆ.

ಡೆಲಿವರಿ ದಿನ ಕ್ಯಾಬಿನೆಟ್ ಬೇರೆಯೇ ಆಗಿತ್ತು. ಜಾಲರಿಯ ಬದಲು ಮುಂಭಾಗಕ್ಕೆ ಪೂರ್ತಿ ಗಾಜು, ಅದರ ಹಿಂದೆ ಬಣ್ಣಬಣ್ಣದ ಮೂರು ಫ್ಯಾನ್‌ಗಳು. ಕೇಳಿದ್ದಕ್ಕೆ, "ಜಾಳಗಿ ಇದ್ರ ಧೂಳ್ ಹೋಗ್ತದ್ರಿ ಸರ್, ನಮ್ ಕಡಿ ಧೂಳ್ ನಿಮಗ ಗೊತ್ತೇ ಅದ. ಇದು ಅದರಕಿಂತ ಭಾರಿ ಮಾಲು, ರೊಕ್ಕ ಜಾಸ್ತಿ ತಗೊಂಡಿಲ್ಲ" ಎಂದರು. ಧೂಳಿನ ಮಾತು ಸುಳ್ಳಲ್ಲ. ಆದರೆ ಜಾಲರಿಯ ಹಿಂದಿನ ಫಿಲ್ಟರ್ ಅನ್ನು ಆಗಾಗ ತೆಗೆದು ತೊಳೆಯಬಹುದು. ಗಾಳಿ ಬರಲು ಬೆರಳಗಲದ ಸಂದಿ ಮಾತ್ರ ಇರುವ ಗಾಜಿನ ಹಿಂದೆ ಮೂರಲ್ಲ, ಆರು ಫ್ಯಾನ್ ಕೂರಿಸಿದರೂ ಅವು ಎಳೆದುಕೊಳ್ಳಲು ಗಾಳಿಯೇ ಇರುವುದಿಲ್ಲ. ಬಿಲ್ ನೋಡಿದರೆ, ಕೊಟೇಶನ್‌ನಲ್ಲಿದ್ದ ಅಷ್ಟೂ ಮಾಡೆಲ್‌ಗಳು ಮಾಯವಾಗಿ "ಅಸೆಂಬಲ್ಡ್ ಕಂಪ್ಯೂಟರ್, ಒಂದು" ಎಂಬ ಒಂದೇ ಸಾಲು ಉಳಿದಿತ್ತು. ಭಾಗವಾರು ಬಿಲ್ ಕೊಡಿ ಎಂದರೆ, "ಹಂಗ್ ಮಾಡಿದ್ರ ಜಿಎಸ್‌ಟಿ 18 ಪರ್ಸೆಂಟ್ ಮ್ಯಾಲ ಬೀಳ್ತದ, ನಿಮಗೇ ಲಾಸು" ಎಂಬ ಉತ್ತರ. ಪ್ರೊಸೆಸರ್ ಡಬ್ಬಿ ಎಲ್ಲಿ ಎಂದರೆ, "ಡಬ್ಬಿ ತಗೊಂಡ್ ಏನ್ ಮಾಡ್ತೀರಿ ಸರ್, ಮನ್ಯಾಗ ಸುಮ್ನ ಜಾಗ ಹಿಡೀತದ" ಎಂದು ನಕ್ಕರು. ಕ್ಯಾಬಿನೆಟ್ಟಿನ ಸ್ಕ್ರೂ ಮೇಲೆ ತಮ್ಮದೇ ಅಂಗಡಿಯ ಸ್ಟಿಕರ್ ಅಂಟಿಸಿ, ಇದನ್ನು ಹರಿದರೆ ವಾರಂಟಿ ಇಲ್ಲ ಎಂದು ಎರಡೆರಡು ಸಲ ಹೇಳಿದರು.

ಮನೆಗೆ ತಂದು ಮೊದಲ ಮದುವೆಯ ವಿಡಿಯೊ ರೆಂಡರ್‌ಗೆ ಹಾಕಿದಾಗ ವೇಗ ಆಮೆಗತಿಯಾಗಿತ್ತು. ಒಳಗಿನ ಬಿಸಿ ಎಷ್ಟೆಂದು ತೋರಿಸುವ ಎಚ್‌ಡಬ್ಲ್ಯೂ ಇನ್ಫೊ ಸಾಫ್ಟ್‌ವೇರ್ ಹಾಕಿ ನೋಡಿದರೆ, ಏನೂ ಕೆಲಸ ಕೊಡದೆ ಸುಮ್ಮನೆ ಬಿಟ್ಟಾಗಲೇ ಪ್ರೊಸೆಸರ್ 65 ಡಿಗ್ರಿಯ ಆಸುಪಾಸಿನಲ್ಲಿತ್ತು. ರೆಂಡರ್ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ನೇರ 100. ಈ ಪ್ರೊಸೆಸರ್‌ಗೆ 100 ಡಿಗ್ರಿ ಎಂಬುದು ಮಿತಿ. ಅದನ್ನು ಮುಟ್ಟಿದ ಕೂಡಲೇ ಸುಟ್ಟುಹೋಗದಿರಲು ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಂದರೆ ಐ7ಗೆ ಹಣ ಕೊಟ್ಟು, ಅದಕ್ಕಿಂತ ಎಷ್ಟೋ ಅಗ್ಗದ ಪ್ರೊಸೆಸರ್‌ನ ಕೆಲಸವನ್ನು ನಾನು ಪಡೆಯುತ್ತಿದ್ದೆ.

ಫೋನ್ ಮಾಡಿದೆ. ಆಗ ಬಂದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ನೋಡ್ರಿ ಸರ್, ನಮ್ ಕಲಬುರ್ಗ್ಯಾಗ ಮನಷ್ಯಾರೇ ಕುದೀಲತ್ತಾರ, ಮಿಷನ್ ಕುದೀದೇ ಏನ್ ಮಾಡ್ತದ? ಬೆಂಗಳೂರಾಗ ಇದೇ ಮಾಲ್ ಥಂಡ್ ಇರ್ತದ." ಪಕ್ಕದಲ್ಲಿದ್ದ ಯಾರೋ ನಕ್ಕದ್ದು ಕೂಡ ಫೋನಿನಲ್ಲಿ ಕೇಳಿಸಿತು. ಪರಿಹಾರವೇನು ಎಂದು ಕೇಳಿದರೆ, "ಒಂದ್ ಕೂಲರ್ ತಗೊಂಡ್ ಅದರ ಮುಂದ ಇಡ್ರಿ" ಎಂದರು. ಪ್ರೊಸೆಸರ್‌ನ ಕೂಲರ್ ಅಲ್ಲ, ನೀರು ತುಂಬಿ ಕಿಟಕಿಗೆ ಇಡುವ ಕೂಲರ್! ಬೋರ್‌ವೆಲ್ಲಿನ ಗಡಸು ನೀರು ತುಂಬಿಸಿದ ಕೂಲರ್ ಎದುರು ತೊಂಬತ್ತು ಸಾವಿರ ದಾಟಿದ ಕಂಪ್ಯೂಟರ್ ಇಟ್ಟರೆ, ಒಳಗೆ ಹೋಗುವುದು ತಂಪು ಮಾತ್ರವಲ್ಲ, ಹಸಿಗಾಳಿ ಮತ್ತು ಸಣ್ಣ ಹನಿಗಳು ಕೂಡ. ಹನಿ ಆರಿದ ಮೇಲೆ ಮದರ್‌ಬೋರ್ಡ್ ಮೇಲೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ. ಕಂಪ್ಯೂಟರ್ ಮಾರುವವರ ಬಾಯಿಂದ ಈ ಸಲಹೆ ಬಂದದ್ದು ನನಗೆ ಈಗಲೂ ನಂಬಲಾಗುತ್ತಿಲ್ಲ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಬಿಸಿಲಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ನಾನು ಹೇಳುವುದಿಲ್ಲ. ಗಾಳಿಯಿಂದ ತಣಿಸುವ ಯಾವ ಕೂಲರ್ ಆದರೂ ಪ್ರೊಸೆಸರ್ ಅನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 75 ತೋರಿಸುವ ಪ್ರೊಸೆಸರ್ ಅದೇ ಕೆಲಸಕ್ಕೆ 38 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 88 ತೋರಿಸುತ್ತದೆ. ನಮ್ಮ ಊರಿನ ಬಿಸಿಲಿನ ಪಾಲು ಇಷ್ಟೇ, ಕೋಣೆ ಎಷ್ಟು ಏರಿತೋ ಅಷ್ಟು. ಸುಮ್ಮನಿದ್ದಾಗ 65, ಕೆಲಸ ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ 100 ಎಂಬುದು ಬಿಸಿಲಿನ ಲೆಕ್ಕವಲ್ಲ, ಪ್ರೊಸೆಸರ್‌ನ ಶಾಖ ಕೂಲರ್‌ಗೆ ದಾಟುತ್ತಲೇ ಇಲ್ಲ ಎಂಬುದರ ಲಕ್ಷಣ. ಖಚಿತಪಡಿಸಿಕೊಳ್ಳಲು ನೆಂಟರ ಮನೆಯ ಎಸಿ ಕೋಣೆಗೆ ಒಯ್ದು, 24 ಡಿಗ್ರಿಗೆ ಇಟ್ಟು ಚಾಲೂ ಮಾಡಿದೆ. ಅಲ್ಲಿಯೂ ಅದೇ 100. ಆ ಫೋಟೊ ಕಳಿಸಿದಾಗ ಬಿಸಿಲಿನ ಮಾತು ಹೋಗಿ, "ಸಾಫ್ಟ್‌ವೇರ್ ಪ್ರಾಬ್ಲಮ್ ಇರಬೇಕ್ರಿ, ತಂದ್ ಕೊಡ್ರಿ, ಫಾರ್ಮ್ಯಾಟ್ ಹೊಡೀತೀವಿ, 500 ಚಾರ್ಜ್ ಆಗ್ತದ" ಎಂಬ ಹೊಸ ಮಾತು ಬಂತು. ಅಷ್ಟರಲ್ಲಿ ವಿಡಿಯೊ ಎಲ್ಲಿ ಎಂದು ಮದುವೆ ಮನೆಯವರ ಕರೆಗಳು ಶುರುವಾಗಿದ್ದವು. ಬೀಗರ ಎದುರು ಮರ್ಯಾದೆ ಹೋಗುತ್ತಿದೆ ಎಂದು ಹುಡುಗಿಯ ತಂದೆ ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಕೊನೆಗೆ ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನನ್ನು ಕರೆಸಿ, ಸ್ಟಿಕರ್ ಹರಿಯುವುದರಿಂದ ಹಿಡಿದು ಕೊನೆಯ ಸ್ಕ್ರೂವರೆಗೆ ಎಲ್ಲವನ್ನೂ ವಿಡಿಯೊ ಮಾಡಿಕೊಂಡು ಬಿಚ್ಚಿದೆವು. ಎಸ್‌ಎಂಪಿಎಸ್ ಮತ್ತು ಗ್ರಾಫಿಕ್ಸ್ ಕಾರ್ಡ್ ಕೊಟೇಶನ್‌ನಲ್ಲಿದ್ದವೇ ಆಗಿದ್ದವು, ಅದನ್ನು ನ್ಯಾಯವಾಗಿ ಹೇಳಬೇಕು. ಆದರೆ ಕೂಲರ್! ಹೊರಗಿನಿಂದ ಬಣ್ಣದ ಬೆಳಕಿನಲ್ಲಿ ಟವರ್‌ನಂತೆ ಹೊಳೆಯುತ್ತಿದ್ದ ಅದಕ್ಕೆ ನಾಲ್ಕರ ಬದಲು ಎರಡೇ ಪೈಪ್‌ಗಳಿದ್ದವು. ಅಷ್ಟೇ ಆಗಿದ್ದರೆ ಅಗ್ಗದ ಮಾಲು ಕೊಟ್ಟರು ಎಂದುಕೊಳ್ಳಬಹುದಿತ್ತು. "ಮಾಮಾ, ಈ ತೂತು ನೋಡ್ರಿ" ಎಂದು ಅಳಿಯ ತೋರಿಸಿದ. 2021ರಲ್ಲಿ 12ನೇ ತಲೆಮಾರಿನ ಪ್ರೊಸೆಸರ್‌ಗಳೊಂದಿಗೆ ಬಂದ ಎಲ್‌ಜಿಎ1700 ಸಾಕೆಟ್‌ನ (ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಸುತ್ತ ಕೂಲರ್ ಬಿಗಿಯಲು ಇರುವ ರಂಧ್ರಗಳ ನಡುವೆ 78 ಮಿ.ಮೀ. ಅಂತರವಿರುತ್ತದೆ, ಅದರ ಹಿಂದಿನ ಸಾಕೆಟ್‌ಗೆ 75. ನನಗೆ ಕೊಟ್ಟಿದ್ದು ಆ ಹಿಂದಿನ ಸಾಕೆಟ್‌ನ ಕೂಲರ್. ಕೂರದ ಅದನ್ನು ಕೂರಿಸಲು, ಅದರ ಪ್ಲಾಸ್ಟಿಕ್ ಬ್ರಾಕೆಟ್‌ನ ತೂತುಗಳನ್ನು ಸೋಲ್ಡರಿಂಗ್ ಐರನ್‌ನಿಂದ ಸುಟ್ಟು ಅಗಲ ಮಾಡಿದ್ದರು. ಪ್ಲಾಸ್ಟಿಕ್ ಕರಗಿ ಕಪ್ಪಾಗಿ ಗಂಟುಗಟ್ಟಿತ್ತು. ಮೂರು ಸ್ಕ್ರೂಗಳು ಕಚ್ಚಿದ್ದವು, ನಾಲ್ಕನೆಯದು ಬೆರಳಿಂದ ಮುಟ್ಟಿದರೆ ತಿರುಗುತ್ತಿತ್ತು. ಹೊಸ ಸಾಕೆಟ್‌ನಲ್ಲಿ ಪ್ರೊಸೆಸರ್ ಸ್ವಲ್ಪ ತಗ್ಗಿನಲ್ಲಿಯೂ ಕೂರುವುದರಿಂದ, ಒಂದು ಕಾಲು ನೆಲಕ್ಕೆ ತಾಗದ ಮಂಚದಂತೆ ಇಡೀ ಕೂಲರ್ ಒಂದು ಕಡೆಗೆ ವಾಲಿಕೊಂಡಿತ್ತು. ಎತ್ತಿ ನೋಡಿದರೆ, ಪ್ರೊಸೆಸರ್‌ನ ಶಾಖ ಕೂಲರ್‌ಗೆ ದಾಟಲೆಂದು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಂದು ಬದಿಯಲ್ಲಿ ಮಾತ್ರ ಹರಡಿತ್ತು. ಇನ್ನೊಂದು ಬದಿಯಲ್ಲಿ ಹಚ್ಚಿದ ಪೇಸ್ಟ್ ಒತ್ತೇ ಬೀಳದೆ ಹಚ್ಚಿದ ಹಾಗೆಯೇ ಗುಪ್ಪೆಯಾಗಿ ಉಳಿದಿತ್ತು.

ಆ ಕ್ಷಣದ ಸಿಟ್ಟನ್ನು ಹೇಗೆ ಬರೆಯಲಿ? ತೂತು ಸುಡುವವನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿತ್ತು. ಕಣ್ತಪ್ಪಿನಿಂದ ಆದದ್ದಲ್ಲ ಇದು. ಗೊತ್ತಿದ್ದು ಸುಟ್ಟು, ಗೊತ್ತಿದ್ದು ಕೂರಿಸಿ, ಯಾರೂ ನೋಡದಿರಲೆಂದು ಮೇಲೆ ಸ್ಟಿಕರ್ ಅಂಟಿಸಿದ್ದರು. ಆಮೇಲೆ ಬಿಸಿಲು ಎಂದರು, ಆಮೇಲೆ ಸಾಫ್ಟ್‌ವೇರ್ ಎಂದರು. ಅಳಿಯನ ಎದುರು ನನಗೆ ತಲೆ ಎತ್ತಲಾಗಲಿಲ್ಲ.

ಫೋಟೊಗಳನ್ನು ಕಳಿಸಿದೆ. ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ. ಅಂಗಡಿಗೇ ಹೋದಾಗ ಮೊದಲ ಮಾತು, "ಸೀಲ್ ಒಡದೀರಿ, ಈಗ ನಮ್ ಜಿಮ್ಮೇದಾರಿ ಇಲ್ಲ." ಎರಡನೆಯದು, "ನೀವೇ ಸುಟ್ಟಿರಬೇಕು." ವಿಡಿಯೊ ತೋರಿಸಿದ ಮೇಲೆ ಮೂರನೆಯದು, "ನಮ್ ಹುಡುಗ ಮಾಡ್ಯಾನ್ರಿ, ಅಂವ ಈಗ ಕೆಲಸ ಬಿಟ್ಟಾನ." ಬಿಚ್ಚದಿದ್ದರೆ ಸಾಕ್ಷಿ ಇಲ್ಲ, ಬಿಚ್ಚಿದರೆ ವಾರಂಟಿ ಇಲ್ಲ ಎಂಬಂತೆ ಆ ಸ್ಟಿಕರ್ ಇದೆಯಲ್ಲ, ಅದರ ಕೆಲಸವೇ ಇದು. ಪ್ರೊಸೆಸರ್ ಡಬ್ಬಿಯನ್ನು ಮತ್ತೆ ಕೇಳಿದಾಗ, "ಅದು ಟ್ರೇ ಮಾಲ್ರಿ, ಡಬ್ಬಿ ಬರಂಗಿಲ್ಲ" ಎಂದರು. ಟ್ರೇ ಮಾಲು ಎಂದರೆ ಡಬ್ಬಿಯಿಲ್ಲದೆ ಬಿಡಿಯಾಗಿ ಬರುವ ಪ್ರೊಸೆಸರ್. ಈಗ ನೀವೇ ಯೋಚಿಸಿ. ಐ7-12700 ಬಾಕ್ಸ್ ಪ್ಯಾಕ್‌ನಲ್ಲಿ ಕಂಪನಿಯ ಕೂಲರ್ ಒಂದು ಇದ್ದೇ ಇರುತ್ತದೆ, ಸಂಖ್ಯೆಯ ನಂತರ ಕೆ ಅಕ್ಷರ ಇರುವ ಮಾಡೆಲ್‌ಗಳಿಗೆ ಮಾತ್ರ ಇರುವುದಿಲ್ಲ. ಬಾಕ್ಸ್ ಪ್ಯಾಕ್‌ಗೆ ಇಂಟೆಲ್‌ನ ಮೂರು ವರ್ಷದ ವಾರಂಟಿ ಇರುತ್ತದೆ. ಟ್ರೇ ಮಾಲಿಗೆ ಕಂಪನಿಯಿಂದ ಗ್ರಾಹಕನಿಗೆ ನೇರ ವಾರಂಟಿ ಸಿಗುವುದಿಲ್ಲ, ಮಾರಿದವನನ್ನೇ ಕೇಳಬೇಕು. ನನಗೆ ಬಂದದ್ದು ಬಾಕ್ಸ್ ಪ್ಯಾಕ್ ಆಗಿದ್ದರೆ ಅದರೊಳಗಿದ್ದ ಕೂಲರ್ ಮತ್ತು ವಾರಂಟಿಯ ಡಬ್ಬಿ ಅವರ ಕಪಾಟಿನಲ್ಲಿವೆ. ಟ್ರೇ ಆಗಿದ್ದರೆ ಬಾಕ್ಸ್ ಪ್ಯಾಕ್‌ನ ದರ ವಸೂಲಿ ಮಾಡಿ, ವಾರಂಟಿಗೆ ಇದೇ ಅಂಗಡಿಯ ಬಾಗಿಲಿಗೆ ನನ್ನನ್ನು ಕಟ್ಟಿಹಾಕಿದ್ದಾರೆ.

ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗುತ್ತಿದ್ದ ಪರಿಚಯದವರ ಕೈಯಲ್ಲಿ ಎಲ್‌ಜಿಎ1700 ಕಿಟ್ ಇರುವ ನಾಲ್ಕು ಪೈಪ್‌ನ ಕೂಲರ್ ತರಿಸಿ, ನಾವೇ ಕೂರಿಸಿದೆವು. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಪ್ರೊಸೆಸರ್‌ನ ವಿದ್ಯುತ್ ಮಿತಿಯನ್ನು 125 ವಾಟ್‌ಗೆ ಇಳಿಸಿ, ಕ್ಯಾಬಿನೆಟ್ಟಿನ ಮುಂದಿನ ಗಾಜನ್ನು ತೆಗೆದಿಟ್ಟೆವು. ಈಗ ಅದೇ ಕೋಣೆ, ಅದೇ ಕಲಬುರಗಿಯ ಮಧ್ಯಾಹ್ನ, ರೆಂಡರ್ ನಡೆಯುವಾಗ 80ರಿಂದ 85 ಡಿಗ್ರಿ. ಮಿತಿ ಇಳಿಸಿದ್ದರಿಂದ ಆದ ವೇಗದ ನಷ್ಟ ನನ್ನ ಕೆಲಸದಲ್ಲಿ ಎದ್ದುಕಾಣುವಷ್ಟಿಲ್ಲ. ಬಿಸಿಲು ಎಲ್ಲಿಗೂ ಹೋಗಿಲ್ಲ, ಹೋದದ್ದು ಅವರ ಸುಟ್ಟ ಬ್ರಾಕೆಟ್ ಮಾತ್ರ.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಪ್ರತಿ ಭಾಗದ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ಬಾಕಿ ಹಣ ಕೊಡಬೇಡಿ, ತೆರಿಗೆ ಉಳಿಯುತ್ತದೆಂಬ ಆಸೆ ತೋರಿಸುವವರು ಉಳಿಸುತ್ತಿರುವುದು ತಮ್ಮನ್ನು. ಎಲ್ಲ ಖಾಲಿ ಡಬ್ಬಿಗಳನ್ನೂ ಕೇಳಿ ತೆಗೆದುಕೊಳ್ಳಿ, ಮನೆಯಲ್ಲಿ ಜಾಗ ಹಿಡಿದರೆ ಹಿಡಿಯಲಿ. ಜೋಡಿಸುವಾಗ ಎದುರಿಗೇ ನಿಲ್ಲಿ, ಅಂಗಡಿಯಲ್ಲೇ ಹತ್ತು ನಿಮಿಷ ಪೂರ್ಣ ಕೆಲಸ ಕೊಟ್ಟು ಡಿಗ್ರಿ ನೋಡಿ. ನಿಲ್ಲಲು ಬಿಡುವುದಿಲ್ಲ ಎಂದರೆ ಎದ್ದು ಬನ್ನಿ. ಮೋಸ ಹೋದವರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ನಾನು ಸಹಾಯವಾಣಿಗೆ ದೂರು ಕೊಟ್ಟು, ಕೊಟೇಶನ್, ಬಿಲ್, ವಿಡಿಯೊ ಎಲ್ಲವನ್ನೂ ಒದಗಿಸಿದ್ದೇನೆ.

ದೂರು ಹೋದ ಮೇಲೆ ಅಂಗಡಿಯವರಿಂದ ಬಂದ ಸಂದೇಶ ಒಂದೇ: "ಸರ್, ಆ ಕೂಲರ್ ನಿಮಗ ಬ್ಯಾಡಂದ್ರ ವಾಪಸ್ ತಂದ್ ಕೊಡ್ರಿ, 500 ಅಡ್ಜಸ್ಟ್ ಮಾಡ್ತೀನಿ, ಬ್ಯಾರೆ ಗಿರಾಕಿದು ಆರ್ಡರ್ ಅದ." ಆ ಗಿರಾಕಿ ಯಾರೆಂದು ನನಗೆ ಗೊತ್ತಿಲ್ಲ. ಈ ವಾರ ಸೂಪರ್ ಮಾರ್ಕೆಟ್ ಕಡೆ ಡೆಸ್ಕ್‌ಟಾಪ್ ಆರ್ಡರ್ ಕೊಟ್ಟು ಕಾಯುತ್ತಿರುವವರು ನೀವಾಗಿದ್ದರೆ, ಆ ಕೂಲರ್ ಸಾಕ್ಷಿಯಾಗಿ ನನ್ನ ಮನೆಯಲ್ಲೇ ಇದೆ, ನಾನು ವಾಪಸ್ ಕೊಡುವುದಿಲ್ಲ. ನಿಮಗೆ ಯಾವುದನ್ನು ಕೂರಿಸುತ್ತಾರೆಂದು ಇಂದೇ ಹೋಗಿ ನೋಡಿ.